ಕಾಲಿನ ಉಬ್ಬು ನರ: ಚಿಕಿತ್ಸೆ ಏನೇನಿದೆ, ಯಾರಿಗೆ ಯಾವುದು, ಅಂಗಡಿ ಎಷ್ಟು ದಿನ ಬಿಡಬೇಕು?

ರಾಮನಗರ: ಬೆಳಿಗ್ಗೆ ಬಾಗಿಲು ತೆಗೆದಾಗ ಚೆನ್ನಾಗಿದ್ದ ಕಾಲು ಸಂಜೆ ಏಳರ ಹೊತ್ತಿಗೆ ಕಲ್ಲು ಕಟ್ಟಿದ ಹಾಗೆ ಭಾರ. ಚಪ್ಪಲಿ ಪಟ್ಟಿಯ ಅಚ್ಚು ಪಾದದ ಮೇಲೆ ಮೂಡಿರುತ್ತದೆ. ರಾತ್ರಿ ಮಲಗಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಮೊಣಕಾಲಿನ ಕೆಳಗೆ ನೋಡಿದರೆ ಹಸಿರು, ನೀಲಿ ಬಣ್ಣದ ಹಗ್ಗ ಸುತ್ತಿಟ್ಟಂತೆ ನರ ಉಬ್ಬಿಕೊಂಡಿರುತ್ತದೆ. ಡಾಕ್ಟರ ಭಾಷೆಯಲ್ಲಿ ಇದಕ್ಕೆ ವೆರಿಕೋಸ್ ವೇನ್ಸ್ ಅಂತಾರೆ.

ನಿಂತು ದುಡಿಯುವವರೇ ಹೆಚ್ಚಿರುವ ಊರುಗಳು ನಮ್ಮವು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ರೇಷ್ಮೆಗೂಡು ಮಾರುಕಟ್ಟೆ, ನೂಲು ಬಿಚ್ಚಾಣಿಕೆ ಘಟಕಗಳು, ಚನ್ನಪಟ್ಟಣದ ಬೊಂಬೆ ಕಾರ್ಖಾನೆಗಳು, ಬಿಡದಿಯ ತಟ್ಟೆ ಇಡ್ಲಿ ಹೋಟೆಲ್‌ಗಳು, ಬಿಡದಿ ಮತ್ತು ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ, ಕನಕಪುರ ಮತ್ತು ಮಾಗಡಿ ಪೇಟೆಯ ಬಟ್ಟೆ ಅಂಗಡಿ, ಕಟಿಂಗ್ ಶಾಪ್, ಬೇಕರಿ. ಇವುಗಳ ಜೊತೆಗೆ ಬಸ್ ಕಂಡಕ್ಟರ್‌ಗಳು, ಪೊಲೀಸರು, ಟೀಚರ್‌ಗಳು. ಇವರಲ್ಲಿ ಎಷ್ಟೋ ಜನ "ವಯಸ್ಸಾಯ್ತು, ಇದೆಲ್ಲ ಇದ್ದದ್ದೇ" ಎಂದು ವರ್ಷಗಟ್ಟಲೆ ಕಾಲೆಳೆದುಕೊಂಡು ಓಡಾಡುತ್ತಾರೆ. ಆಪರೇಷನ್ ಅಂದರೆ ತಿಂಗಳುಗಟ್ಟಲೆ ಮಲಗಬೇಕು, ಅಂಗಡಿ ಮುಚ್ಚಬೇಕು ಎನ್ನುವ ಭಯವೇ ಇದಕ್ಕೆ ದೊಡ್ಡ ಕಾರಣ. ಆ ಭಯ ಈಗ ಹಳೆಯದು. ಇವತ್ತು ಹೆಚ್ಚಿನವರು ಚಿಕಿತ್ಸೆ ಆದ ದಿನವೇ ನಡೆದುಕೊಂಡು ಮನೆಗೆ ಹೋಗುತ್ತಾರೆ. ನಿಜವಾಗಿ ತಿಂಗಳುಗಟ್ಟಲೆ ದುಡಿಮೆ ಕಳೆಯುವುದು ಚಿಕಿತ್ಸೆಯಲ್ಲ, ಅಲಕ್ಷ್ಯ ಮಾಡಿದ ಮೇಲೆ ಆಗುವ ಕಾಲಿನ ಹುಣ್ಣು.

ಇದು "ನರ"ದ ಕಾಯಿಲೆ ಅಲ್ಲ

ಮೊದಲ ಗೊಂದಲ ಹೆಸರಿನಲ್ಲೇ ಇದೆ. ನಮ್ಮ ಆಡುಮಾತಿನಲ್ಲಿ ಕೈಕಾಲಿನಲ್ಲಿ ಕಾಣುವ ರಕ್ತನಾಳಕ್ಕೂ ನರ ಅಂತೀವಿ, ಮಿದುಳಿನಿಂದ ಸಂದೇಶ ತರುವ ತಂತುವಿಗೂ ನರ ಅಂತೀವಿ. ಹೀಗಾಗಿ ಕೆಲವರು "ನರ ಉಬ್ಬಿದೆ" ಎಂದು ನರರೋಗ ತಜ್ಞರ ಬಾಗಿಲಿಗೆ ಹೋಗಿ ಕೂರುತ್ತಾರೆ. ಇನ್ನು ಕೆಲವರು ನರ ಬಿಡಿಸುತ್ತೇವೆ ಎನ್ನುವವರ ಕೈಗೆ ಕಾಲು ಕೊಡುತ್ತಾರೆ.

ಇಲ್ಲಿ ಉಬ್ಬಿರುವುದು ಅಭಿಧಮನಿ. ಅಂದರೆ ಕಾಲಿನಿಂದ ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ನಾಳ. ಇದನ್ನು ನೋಡಬೇಕಾದವರು ವ್ಯಾಸ್ಕ್ಯುಲರ್ ಸರ್ಜನ್. ಅವರು ಹತ್ತಿರದಲ್ಲಿ ಇಲ್ಲದಿದ್ದರೆ ಜನರಲ್ ಸರ್ಜನ್ ಹತ್ತಿರ ಶುರು ಮಾಡಬಹುದು. ಸೊಂಟದಿಂದ ಕಾಲಿನವರೆಗೆ ಕರೆಂಟ್ ಹೊಡೆದಂತೆ ಎಳೆಯುವ ನೋವು, ಕುಂತು ಏಳುವಾಗ ಮೊಣಕಾಲು ನೋವು, ಇವಕ್ಕೆ ಬೇರೆ ಕಾರಣಗಳಿರುತ್ತವೆ. ಉಬ್ಬು ನರ ಕಾಣುತ್ತಿದೆ ಎಂದ ಮಾತ್ರಕ್ಕೆ ಕಾಲಿನ ಎಲ್ಲ ನೋವಿಗೂ ಅದೇ ಕಾರಣ ಎಂದುಕೊಂಡು ಆಪರೇಷನ್ ಮಾಡಿಸಿದರೆ ದುಡ್ಡೂ ಹೋಗುತ್ತದೆ, ನೋವೂ ಉಳಿಯುತ್ತದೆ.

ಉಬ್ಬೋದು ಯಾಕೆ?

ನೀರಿನ ಮೋಟಾರ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾವಿಯಿಂದ ಮೇಲೆ ಬಂದ ನೀರು ವಾಪಸ್ ಇಳಿಯಬಾರದು ಎಂದು ಪೈಪಿನಲ್ಲಿ ವಾಲ್ವ್ ಇರುತ್ತದೆ. ಕಾಲಿನ ಅಭಿಧಮನಿಗಳಲ್ಲೂ ಹೀಗೇ ಒಂದೇ ಕಡೆಗೆ ತೆರೆಯುವ ಪುಟ್ಟ ಕವಾಟಗಳಿವೆ. ಮೋಟಾರಿನ ಕೆಲಸ ಮಾಡುವುದು ಮೀನಖಂಡದ ಸ್ನಾಯು. ನಡೆದಾಗಲೆಲ್ಲ ಅದು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಕವಾಟ ಅದನ್ನು ಅಲ್ಲೇ ಹಿಡಿದಿಡುತ್ತದೆ.

ಕವಾಟ ಸಡಿಲವಾದರೆ ರಕ್ತ ಕೆಳಕ್ಕೆ ಸೋರುತ್ತದೆ, ಕಾಲಿನಲ್ಲೇ ನಿಲ್ಲುತ್ತದೆ. ಆ ಒತ್ತಡಕ್ಕೆ ಚರ್ಮದ ಕೆಳಗಿನ ನಾಳಗಳು ಹಿಗ್ಗಿ ಸುರುಳಿಯಾಗುತ್ತವೆ. ಹೆಚ್ಚಾಗಿ ಕೆಡುವುದು ಪಾದದ ಒಳಬದಿಯಿಂದ ತೊಡೆಸಂದಿನವರೆಗೆ ಹೋಗುವ ಉದ್ದನೆಯ ನಾಳ. ಅದಾದ ಮೇಲೆ ಮೀನಖಂಡದ ಹಿಂಬದಿಯ ಚಿಕ್ಕ ನಾಳ. ಕಣ್ಣಿಗೆ ಕಾಣುವ ಉಬ್ಬು ಮೊಣಕಾಲಿನ ಕೆಳಗಿದ್ದರೂ ಸೋರಿಕೆಯ ಮೂಲ ತೊಡೆಸಂದಿನಲ್ಲಿ ಇರಬಹುದು. ಸೂರಿನ ಹೆಂಚು ಒಡೆದಿರುವುದು ಒಂದು ಕಡೆ, ನೀರು ತೊಟ್ಟಿಕ್ಕುವುದು ಇನ್ನೊಂದು ಕಡೆ ಇದ್ದಂತೆ.

ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು. ವಯಸ್ಸು, ಬಸಿರು, ಹೆಚ್ಚು ತೂಕ, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಗಂಟೆಗಟ್ಟಲೆ ಅಲುಗಾಡದೆ ನಿಲ್ಲುವ ಕೆಲಸ, ಇವೆಲ್ಲ ಸೇರಿಕೊಳ್ಳುತ್ತವೆ. ನಡೆಯುವುದರಿಂದ ಇದು ಬರುವುದಿಲ್ಲ. ನಿಂತ ಜಾಗದಲ್ಲೇ ನಿಲ್ಲುವುದರಿಂದ ಹೆಚ್ಚುತ್ತದೆ.

ನಿಮ್ಮ ಕಾಲು ಯಾವ ಹಂತದಲ್ಲಿದೆ?

ಡಾಕ್ಟರ ಚೀಟಿಯಲ್ಲಿ ಸಿ ಅಕ್ಷರದ ಮುಂದೆ ಒಂದು ಅಂಕಿ ಇರುತ್ತದೆ. ಅದು ಕಾಯಿಲೆಯ ಮೆಟ್ಟಿಲು.

ಸಿ1: ಜೇಡರ ಬಲೆಯಂತೆ ಸಣ್ಣ ಕೆಂಪು, ನೀಲಿ ಗೆರೆಗಳು. ಹೆಚ್ಚಿನವರಿಗೆ ಇದು ನೋಟದ ಸಮಸ್ಯೆ ಅಷ್ಟೇ.
ಸಿ2: ಹಗ್ಗದಂತೆ ಉಬ್ಬಿದ ನಾಳ.
ಸಿ3: ಅದರ ಜೊತೆಗೆ ಸಂಜೆಯ ಊತ.
ಸಿ4: ಹರಡಿನ ಸುತ್ತ ಚರ್ಮ ಕಂದು ಅಥವಾ ಕಪ್ಪಾಗುವುದು, ನವೆ, ಚರ್ಮ ಗಟ್ಟಿಯಾಗುವುದು.
ಸಿ5: ಹುಣ್ಣಾಗಿ ಮಾಯ್ದ ಗುರುತು.
ಸಿ6: ಹಸಿ ಹುಣ್ಣು.

ಇಲ್ಲಿ ನೆನಪಿಡಬೇಕಾದದ್ದು ನಾಲ್ಕನೇ ಮೆಟ್ಟಿಲು. ಹರಡಿನ ಒಳಬದಿ ಚರ್ಮ ಕಪ್ಪಾಗಿ ನವೆ ಬಂದರೆ ತುಂಬ ಜನ ಅದನ್ನು ಹುಳುಕಡ್ಡಿ, ಅಲರ್ಜಿ ಎಂದುಕೊಂಡು ಮೆಡಿಕಲ್ ಸ್ಟೋರಿನ ಮುಲಾಮು ಹಚ್ಚುತ್ತಾರೆ. ಕೆರೆದು ಗಾಯವಾದರೆ ಅದೇ ಹುಣ್ಣಾಗುತ್ತದೆ. ಬಣ್ಣ ಬದಲಾಯಿತು ಅಂದರೆ ತಡ ಮಾಡುವ ಸಮಯ ಮುಗಿಯಿತು ಎಂದೇ ಅರ್ಥ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ?

ಉಬ್ಬಿದ ನಾಳ ಒಡೆದು ರಕ್ತ ಚಿಮ್ಮಿದರೆ: ಗಾಬರಿ ಬೇಡ, ಆದರೆ ನಿಂತುಕೊಳ್ಳಬೇಡಿ, ಕುರ್ಚಿ ಮೇಲೂ ಕೂರಬೇಡಿ. ತಕ್ಷಣ ನೆಲದ ಮೇಲೆ ಅಂಗಾತ ಮಲಗಿ, ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ, ಶುಭ್ರ ಬಟ್ಟೆಯಿಂದ ಆ ಜಾಗವನ್ನೇ ಒತ್ತಿ ಹಿಡಿಯಿರಿ. ಹತ್ತು ನಿಮಿಷ ತೆಗೆದು ತೆಗೆದು ನೋಡಬೇಡಿ. ಮೇಲ್ಗಡೆ ಹಗ್ಗ ಬಿಗಿದು ಕಟ್ಟಿದರೆ ರಕ್ತ ಇನ್ನಷ್ಟು ಬರಬಹುದು. 108ಕ್ಕೆ ಫೋನ್ ಮಾಡಿ. ಒಬ್ಬರೇ ಇರುವ ವಯಸ್ಸಾದವರು ಈ ಕ್ರಮ ಗೊತ್ತಿಲ್ಲದೆ ನಿಂತೇ ಇದ್ದು ಪ್ರಾಣಕ್ಕೆ ಅಪಾಯ ತಂದುಕೊಳ್ಳುವುದುಂಟು.

ಒಂದೇ ಕಾಲು ದಿಢೀರ್ ಊದಿ, ಬಿಸಿಯಾಗಿ, ಮೀನಖಂಡ ಮುಟ್ಟಿದರೆ ನೋವಾದರೆ: ಒಳಗಿನ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ತೋರಿಸಬೇಕು. ಇಂಥ ಕಾಲನ್ನು ತಿಕ್ಕಬೇಡಿ, ಎಣ್ಣೆ ಮಾಲೀಶು ಮಾಡಿಸಬೇಡಿ. ಜೊತೆಗೆ ಉಸಿರಾಡಲು ಕಷ್ಟವಾದರೆ, ಎದೆ ನೋವು ಬಂದರೆ ಅದು ತುರ್ತು ಸ್ಥಿತಿ. ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು.

ಮೊದಲ ಹೆಜ್ಜೆ: ಡಾಪ್ಲರ್ ಸ್ಕ್ಯಾನ್

ಯಾವ ಚಿಕಿತ್ಸೆ ಎಂದು ತೀರ್ಮಾನ ಮಾಡುವ ಮೊದಲು ಕಾಲಿನ ವೀನಸ್ ಡಾಪ್ಲರ್ ಆಗಲೇಬೇಕು. ಹೊಟ್ಟೆಗೆ ಮಾಡುವ ಸ್ಕ್ಯಾನಿಂಗ್ ತರಹದ್ದೇ, ಸೂಜಿ ಇಲ್ಲ, ನೋವಿಲ್ಲ. ಸೋರಿಕೆ ಎಲ್ಲಿಂದ ಶುರುವಾಗಿದೆ, ಎಷ್ಟು ಉದ್ದಕ್ಕಿದೆ, ಒಳಗಿನ ದೊಡ್ಡ ನಾಳ ತೆರೆದಿದೆಯೇ ಎಂಬುದೆಲ್ಲ ಇದರಲ್ಲಿ ತಿಳಿಯುತ್ತದೆ. ಸೋರಿಕೆಯನ್ನು ರೋಗಿಯನ್ನು ನಿಲ್ಲಿಸಿ ನೋಡಬೇಕು, ಬರೀ ಮಲಗಿಸಿ ಮಾಡಿದರೆ ಸರಿಯಾಗಿ ಗೊತ್ತಾಗುವುದಿಲ್ಲ. ಕಾಲನ್ನು ಕಣ್ಣಿನಿಂದ ನೋಡಿ, ಡಾಪ್ಲರ್ ಇಲ್ಲದೆ "ನಾಳೆನೇ ಲೇಸರ್ ಮಾಡಿಬಿಡೋಣ" ಅಂದರೆ ಅಲ್ಲಿಂದ ಎದ್ದು ಬರುವುದು ವಾಸಿ.

ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು, ವಯಸ್ಸಾದವರಿಗೆ ಇನ್ನೊಂದು ಪರೀಕ್ಷೆ ಮುಖ್ಯ. ಕಾಲಿಗೆ ರಕ್ತ ತರುವ ಅಪಧಮನಿ ಚೆನ್ನಾಗಿದೆಯೇ ಎಂದು ಕೈಯ ಬಿಪಿ ಮತ್ತು ಕಾಲಿನ ಬಿಪಿ ಹೋಲಿಸಿ ನೋಡುತ್ತಾರೆ. ಈ ಲೆಕ್ಕ 0.8ಕ್ಕಿಂತ ಕಡಿಮೆ ಬಂದರೆ ಡಾಕ್ಟರ್ ಹೇಳದೆ ಕಾಲಿಗೆ ಬಿಗಿ ಪಟ್ಟಿ, ಬಿಗಿ ಸ್ಟಾಕಿಂಗ್ ಹಾಕಬಾರದು. ಮೊದಲೇ ರಕ್ತ ಕಡಿಮೆ ಬರುವ ಕಾಲನ್ನು ಇನ್ನಷ್ಟು ಬಿಗಿದರೆ ಬೆರಳು ಕಪ್ಪಾಗಬಹುದು.

ಚಿಕಿತ್ಸೆಗಳು ಒಂದೊಂದಾಗಿ

1. ಬಿಗಿ ಕಾಲುಚೀಲ, ನಡಿಗೆ, ಕಾಲು ಮೇಲಿಡುವುದು

ಕಂಪ್ರೆಷನ್ ಸ್ಟಾಕಿಂಗ್ ಹರಡಿನ ಹತ್ತಿರ ಹೆಚ್ಚು ಬಿಗಿ, ಮೇಲೆ ಹೋದಂತೆ ಸಡಿಲ ಇರುತ್ತದೆ. ಊತ, ಭಾರ, ನೋವು ಕಡಿಮೆ ಮಾಡುತ್ತದೆ. ಕೆಟ್ಟ ಕವಾಟವನ್ನು ಮಾತ್ರ ಸರಿ ಮಾಡುವುದಿಲ್ಲ. ಹಾಕಿದಷ್ಟು ಹೊತ್ತು ಆರಾಮ, ಬಿಟ್ಟರೆ ಮತ್ತೆ ಮೊದಲಿನಂತೆ.

ಹಾಕುವ ಕ್ರಮ ತಪ್ಪಿದರೆ ದುಡ್ಡು ದಂಡ. ಬೆಳಿಗ್ಗೆ ಊತ ಇಲ್ಲದಾಗ ಅಳತೆ ಕೊಟ್ಟು ಕೊಳ್ಳಬೇಕು. ಹಾಸಿಗೆಯಿಂದ ಇಳಿಯುವ ಮೊದಲೇ, ಅಥವಾ ಸ್ನಾನ ಮುಗಿದ ಮೇಲೆ ಹತ್ತು ನಿಮಿಷ ಕಾಲೆತ್ತಿ ಮಲಗಿ ಆಮೇಲೆ ಹಾಕಿಕೊಳ್ಳಬೇಕು. ಸುಕ್ಕು ಇರಬಾರದು, ಮೇಲ್ಭಾಗ ಸುತ್ತಿ ಮಡಚಬಾರದು, ಮಡಚಿದರೆ ಅದೇ ಹಗ್ಗ ಬಿಗಿದಂತೆ ಆಗುತ್ತದೆ. ರಾತ್ರಿ ತೆಗೆಯಬೇಕು. ದಿನಾ ಹಾಕುವವರಿಗೆ ಆರು ತಿಂಗಳಿನ ಹೊತ್ತಿಗೆ ಅದರ ಹಿಡಿತ ಸಡಿಲವಾಗುತ್ತದೆ, ಹೊಸದು ಬೇಕು. ಬೇಸಿಗೆಯಲ್ಲಿ ಇಡೀ ದಿನ ಹಾಕುವುದು ಕಷ್ಟ ಎನ್ನುವುದು ನಿಜ. ಅಂಥವರು ಮೊಣಕಾಲಿನವರೆಗಿನದನ್ನು, ಬೆರಳು ತೆರೆದಿರುವುದನ್ನು ಡಾಕ್ಟರ ಹತ್ತಿರ ಕೇಳಬಹುದು.

2. ಮಾತ್ರೆ

ಡಯಾಸ್ಮಿನ್ ಮತ್ತು ಹೆಸ್ಪೆರಿಡಿನ್ ಸೇರಿದ ಮಾತ್ರೆಗಳನ್ನು ಹೆಚ್ಚಾಗಿ ಬರೆಯುತ್ತಾರೆ. ಭಾರ, ಊತ, ನೋವು ಸ್ವಲ್ಪ ತಗ್ಗಬಹುದು. ಉಬ್ಬಿದ ನಾಳ ಮಾತ್ರೆಯಿಂದ ಒಳಗೆ ಹೋಗುವುದಿಲ್ಲ.

3. ಲೇಸರ್ ಮತ್ತು ಆರ್‌ಎಫ್‌ಎ

ಎರಡರ ಕೆಲಸವೂ ಒಂದೇ: ಕೆಟ್ಟ ನಾಳವನ್ನು ಕಿತ್ತು ಹಾಕದೆ ಒಳಗಿನಿಂದ ಬಿಸಿ ಮಾಡಿ ಮುಚ್ಚುವುದು. ಮೊಣಕಾಲಿನ ಹತ್ತಿರ ಸೂಜಿಯಷ್ಟು ತೂತು ಮಾಡಿ, ಸ್ಕ್ಯಾನ್ ನೋಡಿಕೊಂಡು ತೆಳು ತಂತಿಯನ್ನು ತೊಡೆಸಂದಿನವರೆಗೆ ಕಳಿಸುತ್ತಾರೆ. ನಾಳದ ಸುತ್ತ ಮರಗಟ್ಟುವ ಔಷಧಿ ಬೆರೆಸಿದ ತಣ್ಣನೆಯ ನೀರನ್ನು ತುಂಬುತ್ತಾರೆ. ಇದು ನೋವನ್ನೂ ತಡೆಯುತ್ತದೆ, ಸುತ್ತಲಿನ ಚರ್ಮ ಸುಡದಂತೆಯೂ ಕಾಪಾಡುತ್ತದೆ. ಆಮೇಲೆ ತಂತಿಯನ್ನು ನಿಧಾನವಾಗಿ ಹಿಂದೆಳೆಯುತ್ತಾ ನಾಳವನ್ನು ಮುಚ್ಚುತ್ತಾ ಬರುತ್ತಾರೆ. ಆರ್‌ಎಫ್‌ಎಯಲ್ಲಿ ಹೆಚ್ಚು ಬಳಕೆಯಲ್ಲಿರುವ ಕೆಥೆಟರ್‌ನ ತುದಿ 120 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗುತ್ತದೆ, 7 ಸೆಂ.ಮೀ. ಉದ್ದವನ್ನು 20 ಸೆಕೆಂಡಿನಲ್ಲಿ ಮುಚ್ಚುತ್ತದೆ. ಒಂದು ಕಾಲಿಗೆ ಒಟ್ಟು ಮುಕ್ಕಾಲು ಗಂಟೆ, ಒಂದು ಗಂಟೆ ಹಿಡಿಯಬಹುದು.

ಆದ ತಕ್ಷಣ ನಡೆಸುತ್ತಾರೆ. ಕೆಲವು ದಿನ ತೊಡೆಯ ಒಳಭಾಗದಲ್ಲಿ ಎಳೆತ, ನೀಲಿ ಕಲೆ ಇರುತ್ತದೆ. ಜೋಮು, ಚರ್ಮ ಸುಡುವುದು, ರಕ್ತ ಹೆಪ್ಪುಗಟ್ಟುವುದು ಅಪರೂಪವಾಗಿ ಆಗಬಹುದು. ತುಂಬ ಸುರುಳಿಯಾಗಿರುವ ನಾಳದೊಳಗೆ ತಂತಿ ಹೋಗುವುದಿಲ್ಲ. ಅಂಥ ಕಡೆ ಸಣ್ಣ ತೂತುಗಳ ಮೂಲಕ ಉಬ್ಬುಗಳನ್ನು ಹೊರತೆಗೆಯುತ್ತಾರೆ ಅಥವಾ ಇಂಜೆಕ್ಷನ್ ಸೇರಿಸುತ್ತಾರೆ.

ಲೇಸರ್ ಒಳ್ಳೆಯದೋ ಆರ್‌ಎಫ್‌ಎ ಒಳ್ಳೆಯದೋ ಎಂಬ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಮಾಡುವ ಡಾಕ್ಟರಿಗೆ ಯಾವುದರಲ್ಲಿ ಕೈ ಪಳಗಿದೆ ಎಂಬುದು ಮುಖ್ಯ.

4. ಫೋಮ್ ಇಂಜೆಕ್ಷನ್

ಪಾಲಿಡೊಕೆನಾಲ್ ಅಥವಾ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಎಂಬ ಔಷಧಿಯನ್ನು ಗಾಳಿಯ ಜೊತೆ ಕಲಸಿ ನೊರೆ ಮಾಡಿ, ಸ್ಕ್ಯಾನ್ ನೋಡಿಕೊಂಡು ನಾಳಕ್ಕೆ ಕೊಡುತ್ತಾರೆ. ನಾಳದ ಒಳಗೋಡೆ ಅಂಟಿಕೊಂಡು ಮುಚ್ಚಿಹೋಗುತ್ತದೆ. ಖರ್ಚು ಕಡಿಮೆ, ಅರಿವಳಿಕೆ ಬೇಡ, ವಯಸ್ಸಾದವರಿಗೂ ಆಗುತ್ತದೆ. ಆದರೆ ದೊಡ್ಡ ನಾಳ ಮತ್ತೆ ತೆರೆದುಕೊಳ್ಳುವುದು ಹೆಚ್ಚು, ಎರಡು ಮೂರು ಸಲ ಕೊಡಬೇಕಾಗಬಹುದು. ಚರ್ಮದ ಮೇಲೆ ಕಂದು ಗೆರೆ ಕೆಲವು ತಿಂಗಳು ಉಳಿಯಬಹುದು.

5. ಅಂಟು

ಸೈನೋಅಕ್ರಿಲೇಟ್ ಎಂಬ ವೈದ್ಯಕೀಯ ಅಂಟನ್ನು ನಾಳದೊಳಗೆ ಹನಿಹನಿಯಾಗಿ ಬಿಟ್ಟು ಮುಚ್ಚುತ್ತಾರೆ. ಬಿಸಿ ಇಲ್ಲ, ಉದ್ದಕ್ಕೂ ಚುಚ್ಚುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಸಾಮಾನ್ಯವಾಗಿ ಖರ್ಚು ಜಾಸ್ತಿ. ಅಂಟು ದೇಹದಲ್ಲೇ ಉಳಿಯುತ್ತದೆ, ಕೆಲವರಿಗೆ ಅಲರ್ಜಿಯಾಗಿ ನಾಳದ ಉದ್ದಕ್ಕೂ ಕೆಂಪಾಗಿ ಉರಿಯಬಹುದು.

6. ಹಳೆಯ ಆಪರೇಷನ್

ತೊಡೆಸಂದಿನಲ್ಲಿ ಕೊಯ್ದು ನಾಳವನ್ನು ಕಟ್ಟಿ, ತಂತಿ ಹಾಕಿ ಎಳೆದು ತೆಗೆಯುವುದು. ಡಿಸ್ಚಾರ್ಜ್ ಚೀಟಿಯಲ್ಲಿ ಟ್ರೆಂಡೆಲೆನ್‌ಬರ್ಗ್, ಸ್ಟ್ರಿಪ್ಪಿಂಗ್ ಎಂದು ಬರೆದಿರುತ್ತಾರೆ. ನಾಳ ಕಟ್ಟುವ ಈ ವಿಧಾನವನ್ನು 1890ರ ಸುಮಾರಿಗೆ ಪ್ರಚಾರಕ್ಕೆ ತಂದ ಜರ್ಮನಿಯ ಸರ್ಜನ್ ಹೆಸರು ಅದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಒಂದೆರಡು ದಿನ ಆಸ್ಪತ್ರೆಯಲ್ಲಿ ಇರಬೇಕಾಗಬಹುದು. ಹಳೆಯದು ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಲೇಸರ್ ಯಂತ್ರ ಇಲ್ಲದ ಆಸ್ಪತ್ರೆಯಲ್ಲಿ, ತುಂಬ ದಪ್ಪ ಮತ್ತು ಸುರುಳಿಯಾದ ನಾಳಕ್ಕೆ ಇದು ಈಗಲೂ ಒಳ್ಳೆಯ ಚಿಕಿತ್ಸೆ.

ಯಾವುದು ಮೊದಲು?

ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2013ರ ಜುಲೈನಲ್ಲಿ ಹೊರಡಿಸಿದ ಸಲಹೆಯಲ್ಲಿ ಈ ಕ್ರಮ ಇದೆ: ಮೊದಲು ಲೇಸರ್ ಅಥವಾ ಆರ್‌ಎಫ್‌ಎ, ಅದು ಹೊಂದದಿದ್ದರೆ ಫೋಮ್, ಅದೂ ಆಗದಿದ್ದರೆ ಆಪರೇಷನ್. ಬಿಗಿ ಕಾಲುಚೀಲವನ್ನೇ ಚಿಕಿತ್ಸೆ ಎಂದು ಕೊಡುವುದು ಬೇರೆ ಯಾವುದೂ ಆಗದವರಿಗೆ ಮಾತ್ರ.

ಅಲ್ಲಿನ 11 ಆಸ್ಪತ್ರೆಗಳಲ್ಲಿ 798 ರೋಗಿಗಳ ಮೇಲೆ ಲೇಸರ್, ಫೋಮ್, ಆಪರೇಷನ್ ಮೂರನ್ನೂ ಹೋಲಿಸಿದ ಅಧ್ಯಯನದ ಐದು ವರ್ಷಗಳ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಕಾಲಿನ ತೊಂದರೆಯ ಲೆಕ್ಕದಲ್ಲಿ ಲೇಸರ್ ಮತ್ತು ಆಪರೇಷನ್ ಮಾಡಿಸಿಕೊಂಡವರು ಫೋಮ್ ಪಡೆದವರಿಗಿಂತ ಚೆನ್ನಾಗಿದ್ದರು. ಹೀಗಾಗಿ ಲೇಸರ್‌ಗೆ ದುಡ್ಡು ಹೊಂದಿಸಲಾಗದೆ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡವರು ಎರಡನೇ ದರ್ಜೆಯ ಚಿಕಿತ್ಸೆ ಪಡೆದೆವು ಎಂದು ಕೊರಗಬೇಕಾಗಿಲ್ಲ. ವ್ಯತ್ಯಾಸ ಇರುವುದು ಚೇತರಿಕೆಯ ದಿನಗಳಲ್ಲಿ.

ಯಾವ ಚಿಕಿತ್ಸೆಯಾದರೂ ಮುಂದೆ ಬೇರೆ ನಾಳ ಉಬ್ಬುವುದಿಲ್ಲ ಎಂಬ ಗ್ಯಾರಂಟಿ ಇಲ್ಲ. "ಜೀವನಪೂರ್ತಿ ಮತ್ತೆ ಬರಲ್ಲ" ಎನ್ನುವ ಜಾಹೀರಾತನ್ನು ನಂಬಬೇಡಿ.

"ನರ ಮುಚ್ಚಿದರೆ ರಕ್ತ ಎಲ್ಲಿ ಹೋಗುತ್ತೆ?"

ಹೆಚ್ಚು ಜನ ಹೆದರುವುದು ಇದಕ್ಕೇ. ಕಾಲಿನ ರಕ್ತದಲ್ಲಿ ಶೇ 90ರಷ್ಟು ಮೇಲೆ ಹೋಗುವುದು ಮಾಂಸಖಂಡದ ಒಳಗಿರುವ ದೊಡ್ಡ ನಾಳಗಳಲ್ಲಿ. ಚರ್ಮದ ಕೆಳಗಿನ ಕೆಟ್ಟ ನಾಳ ಹೇಗೂ ರಕ್ತವನ್ನು ಕೆಳಕ್ಕೇ ಸೋರಿಸುತ್ತಿರುತ್ತದೆ. ಅದನ್ನು ಮುಚ್ಚಿದರೆ ಒಳ ನಾಳದ ಹೊರೆ ಇಳಿಯುತ್ತದೆ. ಆದರೆ ಒಳಗಿನ ನಾಳವೇ ಹೆಪ್ಪುಗಟ್ಟಿ ಮುಚ್ಚಿರುವವರಲ್ಲಿ ಹೊರಗಿನ ನಾಳವೇ ಬದಲಿ ದಾರಿಯಾಗಿರಬಹುದು. ಡಾಪ್ಲರ್ ಇಲ್ಲದೆ ಕೈ ಹಾಕಬಾರದು ಎನ್ನುವುದು ಇದಕ್ಕಾಗಿಯೇ.

ಅಂಗಡಿ ಎಷ್ಟು ದಿನ ಬಿಡಬೇಕು?

ಲೇಸರ್, ಆರ್‌ಎಫ್‌ಎ, ಅಂಟು, ಫೋಮ್: ಅದೇ ದಿನ ಮನೆಗೆ. ಗಲ್ಲಾ ಮುಂದೆ ಕೂತು ಎದ್ದು ಓಡಾಡುವ ಕೆಲಸಕ್ಕೆ ಎರಡು ಮೂರು ದಿನದಲ್ಲಿ ಬರಬಹುದು. ಮೂಟೆ ಎತ್ತುವವರು, ದಿನವಿಡೀ ನಿಲ್ಲುವವರು ಒಂದು ವಾರ, ಹತ್ತು ದಿನ ತಡೆಯಬೇಕು.

ಹಳೆಯ ಆಪರೇಷನ್: ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರ, ಭಾರದ ಕೆಲಸಕ್ಕೆ ಮೂರು ವಾರದವರೆಗೆ.

ಎರಡರಲ್ಲೂ ಹಾಸಿಗೆ ಹಿಡಿಯುವಂತಿಲ್ಲ. ದಿನಕ್ಕೆ ಹಲವು ಸಲ ಮನೆಯಲ್ಲೇ ನಡೆಯಬೇಕು, ನಡೆದರೆ ಹೆಪ್ಪುಗಟ್ಟುವ ಅಪಾಯ ಕಡಿಮೆ. ಸ್ಟಾಕಿಂಗ್ ಎಷ್ಟು ದಿನ ಎಂಬುದು ಚಿಕಿತ್ಸೆಗೆ ತಕ್ಕಂತೆ ಬದಲಾಗುತ್ತದೆ, ಡಾಕ್ಟರ್ ಹೇಳಿದ್ದನ್ನು ಪಾಲಿಸಬೇಕು. ಮುಹೂರ್ತದ ಸೀಸನ್, ದೀಪಾವಳಿ, ಊರ ಜಾತ್ರೆ ಮುಗಿಸಿಕೊಂಡು ಮಾಡಿಸುತ್ತೇನೆ ಅಂದರೆ ಸಿ2, ಸಿ3 ಹಂತದವರಿಗೆ ತೊಂದರೆಯಿಲ್ಲ, ಕಾಯಬಹುದು. ಚರ್ಮ ಕಪ್ಪಾದವರು, ಹುಣ್ಣಾದವರು, ಒಮ್ಮೆ ರಕ್ತ ಸೋರಿದವರು ಕಾಯಬಾರದು.

ಹುಣ್ಣಾಗಿದ್ದರೆ

ಇದಕ್ಕೆ ಮುಖ್ಯ ಮದ್ದು ಮುಲಾಮಲ್ಲ, ಪದರ ಪದರವಾಗಿ ಕಟ್ಟುವ ಬಿಗಿ ಬ್ಯಾಂಡೇಜ್. ಅಪಧಮನಿ ಚೆನ್ನಾಗಿದೆ ಎಂದು ಖಚಿತ ಮಾಡಿಕೊಂಡ ಮೇಲೆ ತರಬೇತಾದವರೇ ಕಟ್ಟಬೇಕು. ಕಾಫಿಪುಡಿ, ಬೂದಿ, ಸುಣ್ಣ, ಸೊಪ್ಪಿನ ರಸ ಹಾಕಿದರೆ ಕೀವಾಗುತ್ತದೆ. ಹುಣ್ಣು ಮಾಯಲಿ, ಆಮೇಲೆ ನಾಳದ ಚಿಕಿತ್ಸೆ ನೋಡೋಣ ಎನ್ನುವುದು ಹಳೆಯ ಪದ್ಧತಿ. ಬ್ರಿಟನ್ನಿನಲ್ಲಿ 450 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬ್ಯಾಂಡೇಜ್ ಜೊತೆಗೆ ನಾಳವನ್ನೂ ಬೇಗನೆ ಮುಚ್ಚಿಸಿಕೊಂಡವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನದೊಳಗೆ ಮಾಯ್ದಿತ್ತು. ನಾಳದ ಚಿಕಿತ್ಸೆಯನ್ನು ಮುಂದಕ್ಕೆ ಹಾಕಿದವರಲ್ಲಿ ಅದಕ್ಕೆ 82 ದಿನ ಹಿಡಿಯಿತು. ಬೇಗ ಮಾಡಿಸಿದರೂ ಎರಡು ತಿಂಗಳ ಹತ್ತಿರ ಎಂಬುದನ್ನು ಗಮನಿಸಿ. ಲೇಸರ್‌ಗೆ ಹೆದರಿ ಉಳಿಸಿಕೊಂಡ ಮೂರು ದಿನಕ್ಕೆ ಕೊನೆಗೆ ತೆರುವ ಬೆಲೆ ಇದು.

ವರ್ಷಗಟ್ಟಲೆ ಮಾಯದ ಹುಣ್ಣಿನ ಅಂಚು ಉಬ್ಬಿ ಗಟ್ಟಿಯಾಗಿದ್ದರೆ ಅಲ್ಲಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿ ತಿರುಗುತ್ತದೆ.

ಬಸುರಿಯರು

ಬಸಿರಿನಲ್ಲಿ ಕಾಣಿಸಿಕೊಂಡ ಉಬ್ಬು ಹೆರಿಗೆಯಾದ ಕೆಲವು ತಿಂಗಳಲ್ಲಿ ತಾನಾಗಿ ಎಷ್ಟೋ ಇಳಿಯುತ್ತದೆ. ಆ ಸಮಯದಲ್ಲಿ ಲೇಸರ್, ಇಂಜೆಕ್ಷನ್ ಮಾಡುವುದಿಲ್ಲ. ಎಡಮಗ್ಗುಲಿಗೆ ಮಲಗುವುದು, ಕಾಲು ಎತ್ತರಕ್ಕಿಡುವುದು, ಡಾಕ್ಟರ್ ಹೇಳಿದ ಸ್ಟಾಕಿಂಗ್ ಹಾಕುವುದು ಸಾಕು.

ಜಿಗಣೆ, ಎಣ್ಣೆ, ಆಯುರ್ವೇದ

ಸುಶ್ರುತ ಸಂಹಿತೆಯಲ್ಲಿ ಸಿರಾಜ ಗ್ರಂಥಿ ಎಂಬ ಹೆಸರಿನಲ್ಲಿ ಉಬ್ಬಿದ ರಕ್ತನಾಳದ ವಿವರಣೆ ಇದೆ. ಜಿಗಣೆ ಬಿಟ್ಟು ರಕ್ತ ತೆಗೆಯುವ ಪದ್ಧತಿಯೂ ಹಳೆಯದೇ. ಊತ, ನೋವು ತಾತ್ಕಾಲಿಕವಾಗಿ ಇಳಿದರೂ ಕೆಟ್ಟ ಕವಾಟ ಇದರಿಂದ ಸರಿಯಾಗುವುದಿಲ್ಲ. ಮಾಡಿಸುವುದೇ ಆದರೆ ಪದವಿ ಪಡೆದ ಆಯುರ್ವೇದ ವೈದ್ಯರಲ್ಲಿ, ಡಾಪ್ಲರ್ ತೋರಿಸಿ ಮಾಡಿಸಬೇಕು. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಜಿಗಣೆಯ ತಂಟೆಗೆ ಹೋಗಬಾರದು. ಉಬ್ಬಿದ ನಾಳದ ಮೇಲೆ ಜೋರಾಗಿ ತಿಕ್ಕುವುದು ಯಾರಿಗೂ ಬೇಡ.

ಎಲ್ಲಿಗೆ ಹೋಗಬೇಕು? ದುಡ್ಡಿನ ದಾರಿ ಏನು?

ಶುರು ಮಾಡುವುದು ಹತ್ತಿರದ ಸರ್ಕಾರಿ ಆಸ್ಪತ್ರೆಯಿಂದಲೇ. ಚನ್ನಪಟ್ಟಣ, ಕನಕಪುರ, ಮಾಗಡಿಯ ತಾಲ್ಲೂಕು ಆಸ್ಪತ್ರೆ ಅಥವಾ ರಾಮನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಸರ್ಜನ್‌ಗೆ ತೋರಿಸಿ. ಮುಂದಿನ ಹಂತಕ್ಕೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಇದೆ. ಮೈಸೂರು ರಸ್ತೆಯ ಕಂಬೀಪುರದಲ್ಲಿ ರಾಜರಾಜೇಶ್ವರಿ ಮೆಡಿಕಲ್ ಕಾಲೇಜು, ಹಾರೋಹಳ್ಳಿ ಹತ್ತಿರದ ದೇವರಕಗ್ಗಲಹಳ್ಳಿಯಲ್ಲಿ ದಯಾನಂದ ಸಾಗರ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಿವೆ. ಹೊರಡುವ ಮುಂಚೆ ಡಾಪ್ಲರ್ ಮತ್ತು ಲೇಸರ್ ಸೌಲಭ್ಯ ಇದೆಯೇ, ಯಾವ ವಾರ ಒಪಿಡಿ ಎಂದು ಫೋನ್‌ನಲ್ಲಿ ಕೇಳಿಕೊಳ್ಳಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷ ರೂ. ಮಿತಿ. ರೇಷನ್ ಕಾರ್ಡ್ ಮತ್ತು ಆಧಾರ್ ಬೇಕು. ತುರ್ತು ಅಲ್ಲದ ಚಿಕಿತ್ಸೆಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಆಗುವುದಿಲ್ಲ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ನಿಮಗೆ ಹೇಳಿರುವ ವಿಧಾನ ಪ್ಯಾಕೇಜ್‌ನಲ್ಲಿ ಇದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಮೊದಲೇ ಕೇಳಿ.

ಇಎಸ್‌ಐ: ಬಿಡದಿ, ಹಾರೋಹಳ್ಳಿ ಕಾರ್ಖಾನೆಗಳಲ್ಲಿ, ಗಾರ್ಮೆಂಟ್ಸ್‌ನಲ್ಲಿ ತಿಂಗಳಿಗೆ 21,000 ರೂ.ವರೆಗೆ ಸಂಬಳ ಇರುವವರಿಗೆ ಇಎಸ್‌ಐ ಇರುತ್ತದೆ. ಡಿಸ್ಪೆನ್ಸರಿಯಿಂದ ರೆಫರಲ್ ಪಡೆದು ಬೆಂಗಳೂರಿನ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗಬಹುದು. ರಜೆಯ ದಿನಗಳಿಗೆ ಸಂಬಳದ ಶೇ 70ರಷ್ಟು ಕಾಯಿಲೆ ಭತ್ಯೆ, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಡಾಕ್ಟರ ಸರ್ಟಿಫಿಕೇಟ್ ಮರೆಯದೆ ಪಡೆಯಿರಿ.

ಯಶಸ್ವಿನಿ: ಹಾಲಿನ ಡೇರಿ, ಸಹಕಾರ ಸಂಘದ ಸದಸ್ಯರು ನೋಂದಣಿ ಅವಧಿಯಲ್ಲಿ ಹೆಸರು ಹಚ್ಚಿದ್ದರೆ ಸಂಘದ ಕಾರ್ಯದರ್ಶಿಯನ್ನು ಕೇಳಿ.

ಖಾಸಗಿ ವಿಮೆ: ಹೆಚ್ಚಿನ ಪಾಲಿಸಿಗಳಲ್ಲಿ ವೆರಿಕೋಸ್ ವೇನ್ಸ್‌ಗೆ ಎರಡು ವರ್ಷದ ಕಾಯುವ ಅವಧಿ ಇರುತ್ತದೆ. ಹೊಸದಾಗಿ ಪಾಲಿಸಿ ಮಾಡಿಸಿ ಮರುತಿಂಗಳೇ ಆಪರೇಷನ್‌ಗೆ ಹೋದರೆ ಕ್ಲೇಮ್ ಆಗುವುದಿಲ್ಲ.

ಒಪ್ಪಿಗೆ ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಡಾಪ್ಲರ್ ಪ್ರಕಾರ ಸೋರಿಕೆ ಯಾವ ನಾಳದಲ್ಲಿ?
ಒಳಗಿನ ದೊಡ್ಡ ನಾಳ ತೆರೆದಿದೆಯೇ?
ನನಗೆ ಈ ವಿಧಾನವೇ ಯಾಕೆ, ಬೇರೆ ಯಾಕೆ ಬೇಡ?
ಹೇಳಿದ ದರ ಒಂದು ಕಾಲಿಗೋ ಎರಡಕ್ಕೋ? ತಂತಿ, ಸ್ಟಾಕಿಂಗ್, ಆಮೇಲಿನ ಸ್ಕ್ಯಾನ್ ಅದರಲ್ಲೇ ಸೇರಿದೆಯೇ?
ಬಳಸುವ ತಂತಿ ಹೊಸದೇ?
ಉಳಿದ ಉಬ್ಬುಗಳಿಗೆ ಮತ್ತೆ ಬರಬೇಕೇ?

ಅಂಗಡಿಯಲ್ಲೇ ಮಾಡಬಹುದಾದದ್ದು

ಅರ್ಧ ಗಂಟೆಗೊಮ್ಮೆ ಹಿಮ್ಮಡಿ ಮೇಲೆತ್ತಿ ಇಳಿಸುವುದು, ಇಪ್ಪತ್ತು ಸಲ. ಗಿರಾಕಿ ಇದ್ದಾಗಲೂ ಕೌಂಟರ್ ಹಿಂದೆ ಯಾರಿಗೂ ಕಾಣದಂತೆ ಮಾಡಬಹುದು. ನಿಂತಾಗ ಒಂದು ಕಾಲನ್ನು ಚಿಕ್ಕ ಮಣೆಯ ಮೇಲಿಟ್ಟು ಆಗಾಗ ಬದಲಿಸುವುದು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹದಿನೈದು ನಿಮಿಷ ಕಾಲನ್ನು ಎದೆ ಮಟ್ಟಕ್ಕಿಂತ ಮೇಲಿಟ್ಟು ಮಲಗುವುದು. ದಿನಕ್ಕೆ ಅರ್ಧ ಗಂಟೆ ನಡಿಗೆ. ತೂಕ ಇಳಿಸುವುದು. ಇವು ಉಬ್ಬಿದ್ದನ್ನು ವಾಪಸ್ ಕಳಿಸುವುದಿಲ್ಲ, ಆದರೆ ಸಂಜೆಯ ನೋವನ್ನು ಖಂಡಿತ ಇಳಿಸುತ್ತವೆ.

ಕೆಲಸಕ್ಕೆ ಜನ ಇಟ್ಟುಕೊಂಡಿರುವ ಮಾಲೀಕರಿಗೆ ಒಂದು ಮಾತು. ಬಟ್ಟೆ ಅಂಗಡಿಯ ಹೆಣ್ಣುಮಕ್ಕಳ ಹೋರಾಟದ ನಂತರ ಕೇರಳ 2018ರಲ್ಲಿ, ಆಮೇಲೆ ತಮಿಳುನಾಡು 2021ರಲ್ಲಿ ಅಂಗಡಿ ನೌಕರರಿಗೆ ಕೂರಲು ಆಸನ ಕೊಡಲೇಬೇಕೆಂದು ಕಾನೂನು ತಿದ್ದಿದವು. ನಿಂತು ಕೆಲಸ ಮಾಡುವ ಕಾರ್ಮಿಕರಿಗೆ ಕೂರುವ ವ್ಯವಸ್ಥೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್‌ನಲ್ಲೇ ಬರೆದಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂರಲು ಒಂದು ಸ್ಟೂಲ್ ಹಾಕಿದರೆ ವ್ಯಾಪಾರ ಕಡಿಮೆಯಾಗುವುದಿಲ್ಲ. ಕೆಲಸದವರು ಕಾಲುನೋವು ಎಂದು ರಜೆ ಹಾಕುವುದು ಕಡಿಮೆಯಾಗಬಹುದು.

ಇವತ್ತು ರಾತ್ರಿ ಮಲಗುವ ಮುಂಚೆ ದೀಪದ ಬೆಳಕಿನಲ್ಲಿ ಎರಡೂ ಕಾಲಿನ ಹರಡಿನ ಒಳಬದಿ ಒಮ್ಮೆ ನೋಡಿಕೊಳ್ಳಿ. ಮನೆಯ ಹಿರಿಯರ ಕಾಲನ್ನೂ ನೋಡಿ. ಉಬ್ಬಷ್ಟೇ ಇದ್ದರೆ ಪುರುಸೊತ್ತು ಮಾಡಿಕೊಂಡು ಸರ್ಜನ್‌ಗೆ ತೋರಿಸಿ. ಚರ್ಮ ಕಪ್ಪಾಗಿ ನವೆ ಇದ್ದರೆ ಇದೇ ವಾರ ಡಾಪ್ಲರ್ ಮಾಡಿಸಿ.